ಮೇ ತಿಂಗಳ ಮಫ್ಲರ್

‘ಪ್ಲಾಸ್ಟಿಕ್ ಸರ್ಜನ್ನಾ? ನಿನ್ನ ಕೈಲಾಗೋ ಕೆಲಸ ಅಲ್ಲ ಬಿಡು’ ಎಂದವರು ನಮ್ಮ ಸೋದರಮಾವ. ಸುಡುವ ಮೇ ತಿಂಗಳಲ್ಲಿ, ಅದೂ ದೆಹಲಿಯಲ್ಲಿ, ಕುತ್ತಿಗೆಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಓಡಾಡುವ ಮನುಷ್ಯ! ಇಂಥವರ ಮಾತಿಗೆ ಯಾರಾದರೂ ಹೆದರುತ್ತಾರೆಯೇ? ನಾನು ಹೆದರಿದ್ದೆ.

ಹೆದರಲು ಕಾರಣವಿತ್ತು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜಿನೊಳಗೆ ಕಾಲಿಟ್ಟವರು ಅಪ್ಪ ಒಬ್ಬರೇ, ಅದೂ ಗೋಡೆಗೆ ಸುಣ್ಣ ಹೊಡೆಯಲು. ನಾನು ಹೇಗೋ ಡಾಕ್ಟರಾಗಿ, ಸರ್ಜರಿಯನ್ನೂ ಮುಗಿಸಿ, ಪ್ಲಾಸ್ಟಿಕ್ ಸರ್ಜರಿ ಕಲಿಯುವ ರೆಸಿಡೆಂಟಾಗಿ ದೆಹಲಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಸೇರಿದೆ. ಉಳಿದುಕೊಂಡಿದ್ದು ಆರ್.ಕೆ.ಪುರಂನ ಮಾವನ ಕ್ವಾರ್ಟರ್ಸಿನಲ್ಲಿ. ಮಾವ ಸೈನ್ಯದಲ್ಲಿ ಅಡುಗೆಯವರಾಗಿದ್ದವರು, ಆಮೇಲೆ ಸರ್ಕಾರಿ ಕಚೇರಿಯ ಕ್ಯಾಂಟೀನು ಸೇರಿದ್ದರು. ಸೈನ್ಯದಲ್ಲಿದ್ದಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿ ಕುತ್ತಿಗೆ ಸುಟ್ಟಿತ್ತು. ಮಫ್ಲರಿನ ಒಳಗೆ ಏನಿದೆ ಎಂದು ಎಲ್ಲರಿಗೂ ಗೊತ್ತು. ಕಂಡವರು ಅತ್ತೆ ಮಾತ್ರ.

ಮೆಟ್ರೋ ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಮಫ್ಲರ್ ನೋಡಿ, ಶಿಮ್ಲಾಕ್ಕೆ ಹೊರಟಿರಾ ಎಂದು ಮಾವನನ್ನು ಕೇಳುತ್ತಿದ್ದ: “ಅಂಕಲ್, ಶಿಮ್ಲಾ ಜಾ ರಹೇ ಹೋ ಕ್ಯಾ?”

“ಹಾಂ ಭಯ್ಯಾ, ಟಿಕೆಟ್ ದೇ ದೋ!” ಕೊಡು ಟಿಕೆಟ್ ಎಂದು ಮಾವ ಕೈ ಚಾಚುತ್ತಿದ್ದರು.

ನಾನು ಹೊಲಿಗೆ ಅಭ್ಯಾಸ ಮಾಡುತ್ತಿದ್ದುದು ಕೋಳಿಯ ಚರ್ಮದ ಮೇಲೆ. ಒಂದು ಭಾನುವಾರ ಹೊಲಿದು ಫ್ರಿಜ್ಜಿನಲ್ಲಿಟ್ಟಿದ್ದನ್ನು ಮಾವ ನೋಡದೆ ಸಾರು ಮಾಡಿಬಿಟ್ಟರು. ತಟ್ಟೆಯಲ್ಲಿ ನೀಲಿ ನೈಲಾನ್ ದಾರ!

“ಪುಟ್ಟಿ, ಈ ಕೋಳಿ ಆಪರೇಷನ್ ಆದ್ಮೇಲೆ ಸತ್ತಿದ್ದೋ, ಮುಂಚೇನೇ ಸತ್ತಿತ್ತೋ?”

“ಮುಂಚೇನೇ, ಮಾವ!”

“ಹಾಗಾದ್ರೆ ನಿನ್ನ ತಪ್ಪಿಲ್ಲ. ಇನ್ನೊಂದು ಸೌಟು ಹಾಕು.”

ನನ್ನೆದುರು ‘ಕೈಲಾಗಲ್ಲ’ ಎನ್ನುವ ಇದೇ ಮಹಾಶಯರು ಬೀದಿಯಲ್ಲಿ ಆಡುತ್ತಿದ್ದ ಮಾತೇ ಬೇರೆ! ತರಕಾರಿ ಭಯ್ಯಾನ ಸೀಳುತುಟಿಯ ಮಗಳು, ಕುಕ್ಕರಿನ ಹಬೆಗೆ ಕೈ ಸುಟ್ಟುಕೊಂಡ ಪಕ್ಕದ ಮನೆಯಾಕೆ, ಎಲ್ಲರನ್ನೂ ನಮ್ಮ ಆಸ್ಪತ್ರೆಗೆ ಅಟ್ಟುತ್ತಿದ್ದರು. ತಮ್ಮ ಕುತ್ತಿಗೆಯನ್ನು ಮಾತ್ರ ಅಟ್ಟುತ್ತಿರಲಿಲ್ಲ.

“ಒಂದ್ಸಲ ಮಫ್ಲರ್ ತೆಗೀರಿ ಮಾವ, ನೋಡ್ತೀನಿ.”

“ಯಾಕೆ, ಕಲಿಯೋಕೆ ಕೋಳಿ ಸಾಲ್ದಾ?”

ಎರಡನೆಯ ವರ್ಷ ರೋಗಿಯೊಬ್ಬಳ ಸುಟ್ಟ ಗಾಯದ ಮೇಲೆ ನಾನು ಕೂರಿಸಿದ ಚರ್ಮ ಹಿಡಿಯಲಿಲ್ಲ, ಕಪ್ಪಾಗಿ ಹೋಯಿತು. ಅವಳು ಅಳುತ್ತಿದ್ದಳು, ಪ್ರೊಫೆಸರು ವಾರ್ಡಿನ ಮಧ್ಯದಲ್ಲೇ ನನ್ನ ನೀರಿಳಿಸಿದರು. ಮನೆಗೆ ಬಂದವಳೇ ರಾತ್ರಿಯ ರೈಲಿಗೆ ಊರಿಗೆ ಹೊರಡಲು ಸೂಟ್‌ಕೇಸ್ ತುಂಬಿದೆ. ನಾನು ಹೋದರೆ ನಮ್ಮ ಮನೆಯಿಂದ ಇನ್ನೊಬ್ಬರು ಇಷ್ಟು ದೂರ ಬರಲು ಎಷ್ಟು ಕಾಲ ಬೇಕೋ! ಗೊತ್ತಿದ್ದರೂ ತುಂಬಿದೆ.

ಮಾವ ಬಾಗಿಲಲ್ಲಿ ನಿಂತು ನೋಡಿದರು. “ನಾನು ಹೇಳಿರ್ಲಿಲ್ವಾ? ಚಲೋ, ಹೋಗು. ಆದ್ರೆ ಫ್ರಿಜ್ಜಲ್ಲಿ ಕೋಳಿ ಇದೆ, ಅರ್ಧ ಹೊಲಿದು ಬಿಟ್ಟಿದೀಯ. ಅದನ್ನ ಮುಗಿಸಿ ಹೋಗು. ಅರ್ಧಂಬರ್ಧ ಕೆಲಸಾನ ನಾನು ಬೇಯಿಸೋನಲ್ಲ.”

ಸಿಟ್ಟಿನಲ್ಲೇ ಹೊಲಿಯಲು ಕೂತೆ. ಸರಿ ಕಾಣಲಿಲ್ಲ, ಬಿಚ್ಚಿ ಮತ್ತೆ ಹೊಲಿದೆ. ಅದು ಮುಗಿಯುವ ಹೊತ್ತಿಗೆ ರೈಲು ಹೋಗಿತ್ತು. ನಾನು ಉಳಿದೆ.

ಸರ್ಟಿಫಿಕೇಟ್ ಕೊಟ್ಟ ದಿನ ಮಾವ ಇಸ್ತ್ರಿ ಮಾಡಿದ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಸಮಾರಂಭ ಮುಗಿಸಿ ಹೊರಗೆ ಬಂದು, ಬೇವಿನ ಮರದ ಕೆಳಗೆ ಸರ್ಟಿಫಿಕೇಟನ್ನು ಅವರ ಕೈಗಿಟ್ಟೆ. ಮೊಹರನ್ನು ಬೆರಳಿನಿಂದ ಸವರಿ ನೋಡಿದರು.

“ಕಲಿಯೋದು ಮುಗೀತಾ?”

“ಮುಗೀತು ಮಾವ.”

“ಇನ್ನು ಪರೀಕ್ಷೆ ಗಿರೀಕ್ಷೆ?”

“ಏನೂ ಇಲ್ಲ.”

ಕಲ್ಲುಬೆಂಚಿನ ಮೇಲೆ ಕೂತು, ಅಷ್ಟು ಜನರ ನಡುವೆ, ನಿಧಾನವಾಗಿ ಮಫ್ಲರ್ ಬಿಚ್ಚಿದರು. ಗಲ್ಲದಿಂದ ಎದೆಯವರೆಗೆ ಚರ್ಮ ಬಿಗಿದು ಹಗ್ಗದಂತೆ ಎಳೆದಿತ್ತು. ತಲೆಯೆತ್ತಿ ಆಕಾಶ ನೋಡಲೂ ಆಗದ ಕುತ್ತಿಗೆ. ಪಕ್ಕದಲ್ಲಿ ಕೂತು ಆ ಚರ್ಮವನ್ನು ಮುಟ್ಟಿ ನೋಡಿದೆ.

“ಮುಂಚೇನೇ ತೋರಿಸಬಹುದಿತ್ತಲ್ಲ ಮಾವ...”

“ಕಲಿಯೋವಾಗ ನೀನು ಕೈ ಹಾಕಿ ಇದು ಕೆಟ್ಟಿದ್ರೆ ನನಗೇನು, ಅಭ್ಯಾಸ ಇದೆ. ಆದ್ರೆ ಆಮೇಲೆ ಯಾರನ್ನ ಹೊಲಿಯೋಕೆ ಹೋದ್ರೂ ನಿನ್ನ ಕೈ ನಡುಗ್ತಿತ್ತು, ಪುಟ್ಟಿ. ಈಗ ನೋಡು.”