ಕೇಬಲ್ ಮೇಲೆ ಒಣಗಿದ ಶಾವಿಗೆ

ಶಾವಿಗೆ ಹಾಕಿದ ಮೇಲೆ ನೆಟ್ ಹೋಯಿತೋ, ನೆಟ್ ಹೋದ ಮೇಲೆ ಶಾವಿಗೆ ಹಾಕಿದರೋ, ನನಗೆ ಈಗಲೂ ಖಚಿತವಿಲ್ಲ. ಹೆಂಡತಿ ಶೈಲಾ ಒಂದು ಹೇಳುತ್ತಾಳೆ, ಮನೆಯೊಡತಿ ಪಾರಕ್ಕ ಇನ್ನೊಂದು ಹೇಳುತ್ತಾರೆ. ನನ್ನ ನೆನಪು ದಿನಕ್ಕೊಂದು ಹೇಳುತ್ತದೆ!

ಇಷ್ಟಂತೂ ನಿಜ: ಅಂದು ಹನ್ನೊಂದಕ್ಕೆ ಶೈಲಾಳಿಗೆ ಉಪನ್ಯಾಸಕಿ ಹುದ್ದೆಯ ವಿಡಿಯೊ ಸಂದರ್ಶನವಿತ್ತು. ಬಹಳ ಕಾಲ ಕಾದು ಸಿಕ್ಕ ಅವಕಾಶ. ಗಂಗಾವತಿಯಲ್ಲಿ ನಮ್ಮದು ಮಾಳಿಗೆ ಮೇಲಿನ ಬಾಡಿಗೆ ಮನೆ. ಒಳಗೆ ಮೊಬೈಲ್ ಸಿಗ್ನಲ್ ಬಾರದು. ಕೆಳಗೆ ಪಾರಕ್ಕನ ಮನೆಯಿಂದ ಮಾಳಿಗೆ ದಾಟಿ ನಮ್ಮ ಕಿಟಕಿಗೆ ಬರುವ ಕೇಬಲ್ಲೇ ಗತಿ. ಬೆಳಿಗ್ಗೆ ನೆಟ್ ಇಲ್ಲ!

"ರೀ, ಯಾರನ್ನರ ಕರೀರಿ."

"ಎಂ.ಎಸ್ಸಿ. ಫಿಜಿಕ್ಸ್ ಮಾಡಿದವನ ಮನಿಗೆ ಬ್ಯಾರೆಯವ್ರು ಯಾಕ?"

ತಪಾಸಣೆಗೆ ಹೊರಗಿನ ತೆರೆದ ಮಾಳಿಗೆಗೆ ಬಂದೆ. ಕೇಬಲ್ ನಡು ಬಗ್ಗಿಸಿಕೊಂಡು ಪಾರಕ್ಕನ ಶಾವಿಗೆ ಹೊತ್ತು ನಿಂತಿತ್ತು!

"ಪಾರಕ್ಕಾ, ಇದು ಇಂಟರ್ನೆಟ್ ವೈರ್ ಐತ್ರಿ!"

"ಇರವಲ್ದ್ಯಾಕ ತಮ್ಮಾ. ಇದು ಕರೆಂಟ್ ಹೊಡಿಯಂಗಿಲ್ಲ ಅಂತ ನೀನ ಹೇಳಿದ್ದಿ. ಶಾವಿಗಿ ಮುಟ್ಟು ನೋಡೂಣು, ಕೈ ಮುರೀತೀನಿ!"

ಭಾರಕ್ಕೆ ಜಗ್ಗಿ ಎರಡೂ ತುದಿಯ ಪ್ಲಗ್ ಕೆಟ್ಟಿವೆ ಎಂದು ತೀರ್ಪು ಕೊಟ್ಟೆ. ಕತ್ತರಿಸಿ ಹೊಸವನ್ನು ಹಾಕುವುದು. ಒಳಗೆ ಎಂಟು ಎಳೆ, ಎಂಟು ಬಣ್ಣ. ಎರಡೂ ತುದಿಯಲ್ಲಿ ಒಂದೇ ಸಾಲಿನಲ್ಲಿ ಕೂರಬೇಕು.

"ಬಣ್ಣದ ಸಾಲು ಫೋನ್‌ನ್ಯಾಗ ಫೋಟೊ ಹೊಡ್ಕೊಳ್ರಿ. ನಿನ್ನಿ ಉಪ್ಪು ತಂದು ಎಲ್ಲಿಟ್ಟೀರಿ ಅಂತ ಇನ್ನೂ ನೆನಪಾಗವಲ್ದು ನಿಮಗ," ಎಂದಳು ಶೈಲಾ.

"ಎಂಟು ಬಣ್ಣ ನೆನಪಿರಂಗಿಲ್ಲೇನು?"

ಮೇಲಿನ ತುದಿ ಮುಗಿಸಿ, ಬಣ್ಣಗಳನ್ನು ಜಪಿಸುತ್ತ ಕೆಳಗೆ ಹೊರಟೆ. ಶಾವಿಗೆಯ ಪಕ್ಕ ಹಾಯುವಾಗ ಹಸಿ ಗೋಧಿಯ ವಾಸನೆ ಬಂತು. ನಮ್ಮೂರು ನವಲಿಯ ಅಂಗಳ. ಕೋಲಿನ ಮೇಲೆ ಅವ್ವನ ಶಾವಿಗೆ. ಅಕ್ಕನೂ ನಾನೂ ಅದರಡಿ ನುಸುಳಿ ಅರೆ ಒಣಗಿದ ಎಳೆ ಮುರಿದು ತಿನ್ನುತ್ತಿದ್ದೆವು. ಅವ್ವ ಹಿಟ್ಟಿನ ಕೈಯಲ್ಲೇ ಬೆನ್ನಿಗೊಂದು ಕೊಡುತ್ತಿದ್ದಳು. ಅಂಗಿಯ ಮೇಲೆ ಐದು ಬೆರಳೂ ಬಿಳಿಯಾಗಿ ಉಳಿಯುತ್ತಿದ್ದವು. ಆ ಅಂಗಿ ನೀಲಿಯೋ, ಹಸಿರೋ? ಯೋಚಿಸುತ್ತ ಒಂದೆಳೆ ಮುರಿದು ಬಾಯಿಗಿಟ್ಟೆ, ಕೆಳಗಿಳಿದೆ, ಪ್ಲಗ್ ಹಾಕಿದೆ.

ನೆಟ್ ಬರಲಿಲ್ಲ. ಮತ್ತೆ ಕತ್ತರಿಸಿದೆ, ಮತ್ತೆ ಹಾಕಿದೆ. ಪ್ರತಿ ಸಲವೂ ಕೇಬಲ್ ಗಿಡ್ಡವಾಯಿತು. ಕೊನೆಗೆ ಪಾರಕ್ಕನ ಗೋಡೆಯ ಮೇಲಿನ ನೆಟ್ ಪೆಟ್ಟಿಗೆಗೇ ಎಟುಕಲಿಲ್ಲ. ಬಲವಾಗಿ ಜಗ್ಗಿದೆ. ಮೇಲೆ ಕೇಬಲ್ ಬಿಲ್ಲಿನ ಹೆದೆಯಂತೆ ಚಿಮ್ಮಿ ಅರ್ಧ ಶಾವಿಗೆ ನೆಲಕ್ಕೆ!

ಹನ್ನೊಂದಾಯಿತು. ಶೈಲಾ ನನ್ನತ್ತ ನೋಡಲೂ ಇಲ್ಲ. ಫೋನ್ ಹಿಡಿದು, ಸಿಗ್ನಲ್ ಇದ್ದ ಮಾಳಿಗೆಯ ಬಿಸಿಲಿಗೇ ಕುರ್ಚಿ ಹಾಕಿದಳು. ಪಾರಕ್ಕ ಅವಳಿಗೆ ಕೊಡೆ ಹಿಡಿದರು.

"ನೀ ಮಾತಾಡವ್ವಾ. ಗಂಡಸ್ರನ್ನ ನಂಬಿ ಕುಂತ್ರ ಶಾವಿಗಿನೂ ಇಲ್ಲ, ನೌಕರಿನೂ ಇಲ್ಲ!"

ನಾನು ಕುಕ್ಕುರುಗಾಲಿನಲ್ಲಿ ಶಾವಿಗೆ ಆಯುತ್ತಿದ್ದೆ. ಫೋನಿನಿಂದ ದನಿ ಕೇಳಿತು: "ಮೇಡಂ, ಹಿಂದೆ ತೂಗುತ್ತಿರುವುದೇನು?"

"ಶಾವಿಗೆ ಸರ್, ನಮ್ಮ ಇಂಟರ್ನೆಟ್ ಕೇಬಲ್ ಮೇಲೆ."

"ಕೆಳಗೆ ಕೂತವರು?"

"ಕೇಬಲ್ ರಿಪೇರಿಯವ್ರು ಸರ್!"

ಅವಳಿಗೆ ಕೆಲಸ ಸಿಕ್ಕಿತು. ಬೆಳಿಗ್ಗೆ ನೆಟ್ ಏಕೆ ಹೋಗಿತ್ತೋ ಇಂದಿಗೂ ತಿಳಿದಿಲ್ಲ. ಆದರೆ ನಾನು ಕೊನೆಗೆ ಹಾಕಿದ ಪ್ಲಗ್ಗಿನಲ್ಲಿ, ಹಸಿರು ಕೂರಬೇಕಾದ ಕಡೆ ನೀಲಿ ಕೂತಿತ್ತು.

ಆಮೇಲೆ ನವಲಿಗೆ ಹೋದಾಗ ಅಕ್ಕ, ಅವ್ವ ಹಳೆ ಬಟ್ಟೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿ ಬಿಚ್ಚಿ ತೋರಿಸಿದಳು. ಮೂಲೆಯಲ್ಲಿ ಆ ಅಂಗಿಯ ತುಂಡು ಹಾಗೇ ಇದೆ. ನೀಲಿಯೇ!