ಭಾವನ ಅರವತ್ನಾಲ್ಕು ಅಕ್ಷರ

ನಮ್ಮ ಭಾವನಷ್ಟು ಅನುಮಾನದ ಪ್ರಾಣಿ ಹಾಸನ ಜಿಲ್ಲೆಯಲ್ಲೇ ಇಲ್ಲ! ಆಲೂರಿನಲ್ಲಿ ಅವರದು ಕಂಪ್ಯೂಟರ್ ರಿಪೇರಿ ಅಂಗಡಿ. ಯಾವ ಸಾಫ್ಟ್‌ವೇರ್ ಫೈಲನ್ನೂ ಹೆಸರು ನೋಡಿ ನಂಬುವವರಲ್ಲ. ಅದರ ‘ಹ್ಯಾಶ್’ ತೆಗೆಯಬೇಕು. ಅಂದರೆ, ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಕಂಪ್ಯೂಟರ್ ಕೊಡುವ ಅರವತ್ನಾಲ್ಕು ಅಕ್ಷರಗಳ ಗುರುತು. ಒಳಗೆ ಒಂದು ಚುಕ್ಕಿ ಬದಲಾದರೂ ಗುರುತು ಪೂರ್ತಿ ಬೇರೆ.

ಸರಿ, ಎರಡು ಗುರುತು ಹೋಲಿಸುವುದನ್ನು ಕಂಪ್ಯೂಟರೇ ಮಾಡುತ್ತದಲ್ಲ? ಊಹೂಂ! ಅಕ್ಕ ಕಡುಬಿಗೆ ಹಿಟ್ಟು ತೊಳಸುತ್ತಿದ್ದರೂ ಕೈ ತೊಳೆದು ಬಂದು ಗಟ್ಟಿಯಾಗಿ ಓದಬೇಕು.

“ಬಿ ಅಂದ್ಯೋ, ಡಿ ಅಂದ್ಯೋ?”

“ಡಿ ಕಣ್ರೀ! ಒಲೆ ಮೇಲೆ ನೀರು ಇಂಗ್ತಾ ಐತೆ!”

ಹೋದ ವರ್ಷ ಸಕಲೇಶಪುರದ ಒಂದು ರಕ್ತಪರೀಕ್ಷೆ ಲ್ಯಾಬಿಗೆ ಭಾವನ ಜೊತೆ ನಾನೂ ಹೋಗಿದ್ದೆ. ಹೊಸ ಸಾಫ್ಟ್‌ವೇರ್ ಪೆನ್‌ಡ್ರೈವಲ್ಲಿ ಬಂದಿತ್ತು. ಹೊರಗೆ ಜನ ಖಾಲಿ ಹೊಟ್ಟೆಯಲ್ಲಿ ಕಾಯುತ್ತಿದ್ದರು. ಭಾವ ಹ್ಯಾಶ್ ತೆಗೆದರು. ಕಂಪನಿ ಕೊಟ್ಟಿದ್ದ ಗುರುತಿಗೆ ಅದು ಹೊಂದಲಿಲ್ಲ.

“ಹೆಸರು ಸರಿಯಾಗೇ ಇದೆಯಲ್ರೀ, ಹಾಕ್ರೀ!” ಡಾಕ್ಟರು ರೇಗಿದರು.

“ಹೆಸರು ಯಾರ್ ಬೇಕಾದ್ರೂ ಬರೀಬಹುದು ಡಾಕ್ಟ್ರೇ,” ಅಂದ ಭಾವ ತಮ್ಮ ನೋಟ್‌ಬುಕ್ ತೆರೆದರು. ಹಾಕಿದ ಪ್ರತಿ ಫೈಲಿನ ಗುರುತೂ ಅದರಲ್ಲಿದೆ. ಪುಟ ತಿರುವುತ್ತಾ ಒಂದು ಕಡೆ ಬೆರಳು ನಿಂತಿತು. “ಇದು ಹಳೇದು. ಒಬ್ಬರ ರಿಪೋರ್ಟನ್ನ ಇನ್ನೊಬ್ಬರ ಹೆಸರಿಗೆ ಹಾಕ್ತಿತ್ತು ಅಂತ ಕಂಪನಿಯೋರೇ ವಾಪಸ್ ತಗಂಡಿದ್ರು.”

ಕಂಪನಿಗೆ ಫೋನು ಮಾಡಿದರೆ, ಹೌದಂತೆ! ಹಳೆಯ ಫೈಲಿಗೆ ಯಾರೋ ಹೊಸ ಹೆಸರು ಕೊಟ್ಟುಬಿಟ್ಟಿದ್ದರು. ಸರಿಯಾದದ್ದು ಬರುವಷ್ಟರಲ್ಲಿ ಮಧ್ಯಾಹ್ನ. ಡಾಕ್ಟರು ತಾವೇ ಭಾವನಿಗೆ ಟೀ ತಂದುಕೊಟ್ಟರು.

ವಾಪಸು ಬರುವಾಗ ನಾನು ಛೇಡಿಸಿದೆ. “ಅಲ್ಲ ಭಾವ, ಅಷ್ಟೊಂದು ಪುಟದಲ್ಲಿ ಅದು ಹೆಂಗೆ ತಟ್ಟಂತ ಸಿಕ್ತು?”

ಅವರು ಸ್ಕೂಟರು ನಿಲ್ಲಿಸಿದರು.

“ಅಂಗಡಿ ಇಟ್ಟ ಹೊಸತರಲ್ಲಿ, ಕಂಪನಿಯೋರು ವಾಪಸ್ ತಗಂಡಿದ್ದ ಅದನ್ನೇ ಒಂದ್ ಲ್ಯಾಬಿಗೆ ಬರೀ ಹೆಸರು ನೋಡಿ ನಾನೇ ಹಾಕ್‌ಬುಟ್ಟಿದ್ದೆ ಕಣೋ. ಅದರ ಗುರುತು ಬರ್ಕಂಡಿದ್ದು ಆಮೇಲೆ. ಮಾರನಹಳ್ಳಿ ಕಡೆ ಅಜ್ಜಿಯೊಬ್ರಿಗೆ ದೊಡ್ಡ ಕಾಯ್ಲೆ ಅಂತ ರಿಪೋರ್ಟ್ ಹೋಯ್ತು. ವಾರ ಅತ್ತಿದ್ರಂತೆ. ತಪ್ಪಾಯ್ತು, ಅದು ನಿಮ್ಮದಲ್ಲ ಅಂತ ಹೇಳೋಕೆ ಹೋದೆ. ಬೈತಾರೆ ಅನ್ಕಂಡಿದ್ದೆ. ಅಜ್ಜಿ, ‘ಹಂಗಾದ್ರೆ ಆ ಕಾಯ್ಲೆ ಇರೋದು ಯಾರಿಗಪ್ಪ? ಮೊದ್ಲು ಅವರ ಮನೆಗೆ ಹೋಗು’ ಅಂದ್ರು.”

“ಹೋದ್ರಾ?”

“ಹೋದೆ. ಆ ಹೆಂಗಸು ಕಣದಲ್ಲಿ ಕಾಫಿ ಹರವ್ತಾ, ಯಾರ ಜೊತೆಗೋ ಮಾತಾಡ್ಕಂಡು ನಗ್ತಿದ್ರು ಮಾರಾಯ. ಏನೂ ಇಲ್ಲ ಅಂತ ರಿಪೋರ್ಟ್ ಬಂದಿತ್ತಲ್ಲ! ಆದ್ರೂ ಹೇಳಿದೆ. ನಾನೇ ಹಾಸನಕ್ಕೆ ಕರ್ಕಂಡು ಹೋಗಿ ತೋರಿಸ್ದೆ. ಆಮೇಲೆ ಎರಡು ವರ್ಷ ಬದುಕಿದ್ರು.”

ಕೀ ಇಸಿದುಕೊಂಡು ಸ್ಕೂಟರು ನಾನೇ ಓಡಿಸಿದೆ. ಆಲೂರು ಬರುವವರೆಗೂ ಭಾವ ಹಿಂದೆ ಕೂತು ನನ್ನ ಭುಜ ಹಿಡಿದುಕೊಂಡಿದ್ದರು.