ಅತ್ತೆ ಕರೆದರೆ ಬರುವ ಗಾಡಿ

ಹವ್ಯಾಸವೆನ್ನುವುದು ಮನೆಯಲ್ಲಿ ಒಬ್ಬರಿಗೆ ಸುಖ, ಮಿಕ್ಕವರಿಗೆ ಸಹನೆಯ ಪರೀಕ್ಷೆ. ಹಾಡುವ ಸೊಸೆಯನ್ನು ಊರು ಮೆಚ್ಚುತ್ತದೆ, ಬಾಗಿಲಿಗೆ ರಂಗೋಲಿ ಹಾಕುವವಳನ್ನು ನಿಂತು ಹೊಗಳುತ್ತದೆ. ಸೋಲ್ಡರಿಂಗ್ ಐರನ್ ಹಿಡಿದು ಕೂರುವವಳನ್ನು ಏನನ್ನಬೇಕೋ ತಮಿಳು ಸೀಮೆಯ ನಮ್ಮ ಓಡೈಪಟ್ಟಿಗೆ ಇನ್ನೂ ಹೊಳೆದಿಲ್ಲ. ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳಾದ್ದರಿಂದ, ಟೀಚರಮ್ಮ ಏನೋ ಮಾಡುತ್ತಾರೆ ಎಂದು ಬಿಟ್ಟುಬಿಟ್ಟಿದ್ದಾರೆ. ಹಾಲು ಉಕ್ಕುವ ಮೊದಲು ಕೂಗಲೆಂದು ನಾನು ಮಾಡಿದ ಗಂಟೆ, ಉಕ್ಕಿದ ಮೇಲೆ ಕೂಗುತ್ತದೆ. ದ್ರಾಕ್ಷಿ ತೋಟದಲ್ಲಿ ಗಿಳಿ ಓಡಿಸಲು ನಿಲ್ಲಿಸಿದ ಕೈಬೀಸುವ ಬೊಂಬೆಯ ತೋಳಿನ ಮೇಲೆ ಗಿಳಿಗಳೇ ಕೂತು ಉಯ್ಯಾಲೆಯಾಡಿದವು. ತೋಟ ನೋಡಿಕೊಳ್ಳುವ ನನ್ನ ಯಜಮಾನರು ಸಹನೆಯ ಮನುಷ್ಯ. ಬೊಂಬೆಗೆ ತೊಡಿಸಿದ್ದು ತಮ್ಮ ಒಳ್ಳೆಯ ಶರ್ಟು ಎಂಬುದಷ್ಟೇ ಅವರ ಬೇಸರ.

ಆದರೆ ಈ ಸಲದ್ದು ಆಟವಾಗಿರಲಿಲ್ಲ. ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಬಿರುಕುಬಿಟ್ಟಿತ್ತು. ಇನ್ನೊಮ್ಮೆ ಬಿದ್ದರೆ ಮತ್ತೆ ಏಳುವ ಮಾತಿಲ್ಲ, ಮಂಚ ಬಿಟ್ಟು ಒಬ್ಬರೇ ಇಳಿಯಕೂಡದು ಎಂದು ತೇನಿಯ ಡಾಕ್ಟರು ನೇರವಾಗಿ ಹೇಳಿದ್ದರು. ಅತ್ತೆ ವಿನಯದಿಂದ ತಲೆಯಾಡಿಸಿ, ಮನೆಗೆ ಬಂದವರೇ ಗೋಡೆ ಹಿಡಿದುಕೊಂಡು ಕುಡಿಯುವ ನೀರಿಗೆ ಎದ್ದರು. ಯಾರನ್ನೂ ಏನನ್ನೂ ಕೇಳಿ ಅಭ್ಯಾಸವಿಲ್ಲದ ಜೀವ ಅದು. ಹಗಲಿಗೆಂದು ಗೊತ್ತುಮಾಡಿದ ಹೆಂಗಸಿಗೆ ತಾವೇ ಕಾಫಿ ಮಾಡಿ ಕುಡಿಸಿ ಕಳಿಸಿಬಿಟ್ಟರು. ನಾನು ಶಾಲೆಗೆ, ಇವರು ತೋಟಕ್ಕೆ ಹೋದ ಮೇಲೆ ಮನೆಯಲ್ಲಿ ಏನಾಗುತ್ತದೋ ಎಂದು ಪಾಠದ ನಡುವೆಯೂ ನನಗೆ ಅದೇ ಯೋಚನೆ. ಹಾಗಾಗಿ ಗಾಡಿ ಮಾಡಿದೆ. ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟಿಗೆ ಮೋಟಾರು ಕಟ್ಟಿದ ಚಕ್ರಗಳು, ಮೇಲೆ ನೀರಿನ ಚೊಂಬು, ಎಲೆ ಅಡಿಕೆ ಡಬ್ಬಿ. “ಬಾ” ಎಂದರೆ ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿ ಹಿಡಿದು ಬಾಗಿಲಿಂದ ಮಂಚದ ಹತ್ತಿರ ಬರಬೇಕು, “ಹೋಗು” ಎಂದರೆ ಹೋಗಬೇಕು.

ನಮ್ಮದು ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡವೋ ಮುತ್ತಜ್ಜಂದಿರ ಕಾಲಕ್ಕೂ ಹಿಂದೆ ಇಲ್ಲಿಗೆ ಬಂದು ನಿಂತದ್ದು. ಮಾತು ಗುರುತಿಸುವ ಸಿದ್ಧ ಸಾಫ್ಟ್‌ವೇರಿಗೆ ಪೇಟೆಯ ಕನ್ನಡ ತಿಳಿಯಿತೇ ಹೊರತು ಅತ್ತೆಯದು ತಿಳಿಯಲಿಲ್ಲ. ಅದಕ್ಕೇ ಅವರನ್ನು ಕೂರಿಸಿಕೊಂಡು ಅವರ ದನಿಯಲ್ಲೇ ಎರಡೂ ಮಾತುಗಳನ್ನು ಮತ್ತೆ ಮತ್ತೆ ಫೋನಿನಲ್ಲಿ ಹಿಡಿದು ಗಾಡಿಗೆ ಕಲಿಸಿದೆ. ಎದುರಿಗೆ ನಾನಿದ್ದೆನಲ್ಲ, ಸಲೀಸಾಗಿ ಹೇಳಿದರು. ಕೊನೆಗೆ ಗಾಡಿಯನ್ನೇ ಬಾಗಿಲಲ್ಲಿ ನಿಲ್ಲಿಸಿ, ಈಗ ಕರೆಯಿರಿ ಎಂದೆ. ಅತ್ತೆ ಸೆರಗು ಸರಿಮಾಡಿಕೊಂಡು, ಮುಖ ಅರಳಿಸಿ, ಅಪ್ಪಟ ತಮಿಳಿನಲ್ಲಿ “ವಾಂಗ, ಉಳ್ಳ ವಾಂಗ” ಎಂದು, ನೆಂಟರನ್ನು ಬನ್ನಿ ಒಳಗೆ ಬನ್ನಿ ಎನ್ನುವ ಹಾಗೆ, ಉಪಚರಿಸಿದರು. ಗಾಡಿ ಅಲ್ಲಾಡಲಿಲ್ಲ. ನಮ್ಮ ಮಾತಿನಲ್ಲಿ ಕರೆಯಿರಿ ಎಂದು ಬೇಡಿಕೊಂಡೆ.

“ಅದೆಂಗೆ ಕಣ್ಣು?” ಎಂದು ನನ್ನನ್ನು ಮುದ್ದಿನಿಂದಲೇ ಕೇಳಿದರು ಅತ್ತೆ. “ಹೊರಗಿಂದ ಬಂದಿರಾದು ಅದು. ನಮ್ಮ ಮಾತು ನಮ್ಮವರಿಗೆ ತಾನೆ.”

ಹೀಗೆಂದು ಅವರೇ ನೀರಿಗೆ ಎದ್ದರು.

ನನಗೆ ಸಿಟ್ಟು ಬಂದರೂ ವಾದಿಸುವಂತಿರಲಿಲ್ಲ, ಏಕೆಂದರೆ ಆ ಬಾಗಿಲಲ್ಲಿ ನಾನೂ ಹಾಗೆ ನಿಂತವಳೇ. ದಿಂಡಿಗಲ್‌ನ ನನ್ನ ತವರಿನಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ನಾವು ಮಕ್ಕಳು ತಮಿಳಿನಲ್ಲಿ ಉತ್ತರಿಸುತ್ತಿದ್ದೆವು. ಮದುವೆಯಾಗಿ ಬಂದ ದಿನ ಅತ್ತೆ “ವಾಮ್ಮಾ, ಉಕ್ಕಾರು” ಎಂದು ಕೂರಿಸಿದರು. ತಿಂಗಳುಗಟ್ಟಲೆ ಅದೇ ಉಪಚಾರ, ಅದೇ ತಮಿಳು. ಅವರೆಲ್ಲ ಒಳಗೆ ಕನ್ನಡದಲ್ಲಿ ನಗುತ್ತಿದ್ದರೆ ನಾನು ಮುಂದಿನ ಬಸ್ಸಿಗೆ ಹೊರಡಬೇಕಾದ ನೆಂಟಳಂತೆ ಕೂತಿರುತ್ತಿದ್ದೆ. ಒಂದು ದಿನ ಮೊಸರಿನ ಗಡಿಗೆ ಮುಚ್ಚಲು ಮರೆತೆ, ಬೆಕ್ಕು ಮರೆಯಲಿಲ್ಲ. ಅತ್ತೆ ಹಿತ್ತಿಲಿನಿಂದಲೇ ಕನ್ನಡದಲ್ಲಿ ನನ್ನನ್ನು ಹಿಗ್ಗಾಮುಗ್ಗಾ ಬೈದರು. ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅದು ಸಂತೋಷಕ್ಕೆ ಎಂದರೆ ಯಾರೂ ನಂಬುವುದಿಲ್ಲ.

ಗಾಡಿಗೆ ತಮಿಳನ್ನೇ ಕಲಿಸಿ ಮುಗಿಸು ಎಂದು ಯಜಮಾನರು ಹೇಳಿದರು. ಮೂಳೆಗಿಂತ ಹಟ ದೊಡ್ಡದಲ್ಲವೆಂದು ನಾನೂ ಭಾನುವಾರ ಲ್ಯಾಪ್‌ಟಾಪ್ ತೆರೆದೆ. ಮೊದಲು ಚಕ್ರ ಸರಿಯಿದೆಯೇ ನೋಡೋಣವೆಂದು ಓಡಿಸಿದ್ದೇ ತಡ, ಗಾಡಿ ಹೋಗಿ ಮಂಚದ ಕಾಲಿಗೆ ಗುದ್ದಿ ಚೊಂಬಿನ ನೀರನ್ನೆಲ್ಲ ಎಲೆ ಅಡಿಕೆಯ ಮೇಲೆ ಚೆಲ್ಲಿಕೊಂಡು, ಬಾಗಿಲಿಗೆ ವಾಪಸು ಓಡಿತು.

“ಮೂದೇವಿ, ಎಲೆಯೆಲ್ಲ ನೆನೆದೋಯ್ತು,” ಎಂದರು ಅತ್ತೆ. “ಕಣ್ಣ ಎಲ್ಲಿ ಮಡಗಿದ್ದೆ? ಬಾ ಇಲ್ಲಿ.”

ಗಾಡಿ ಬಂತು. ಅವರು ಇನ್ನಷ್ಟು ಬೈದು, ಡಬ್ಬಿ ಒರೆಸಿಕೊಂಡು, “ಹೋಗು” ಎಂದರು. ಹೋಯಿತು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಅಂದಿನಿಂದ ಅತ್ತೆ ನೀರಿಗೆಂದು ಮಂಚದಿಂದ ಇಳಿದಿಲ್ಲ. ಮನೆಯವರನ್ನು ಕೇಳುವುದಕ್ಕೆ ಸಂಕೋಚ, ಮನೆಯದನ್ನು ಬೈಯುವುದಕ್ಕೆ ಎಂಥ ಸಂಕೋಚ? ಮೊನ್ನೆ ನಾನು ಒಲೆಯ ಮುಂದಿದ್ದಾಗ, “ಬಾ ಇಲ್ಲಿ, ಕರೆದ್ರೆ ಕೇಳಾದಿಲ್ಲವಾ?” ಎಂಬ ದನಿ ಬಂತು. ಕೈ ಒರೆಸಿಕೊಳ್ಳುತ್ತ ಓಡಿದೆ. ಪಕ್ಕದಲ್ಲಿ ಗಾಡಿಯೂ ಬಂತು. ಇಬ್ಬರೂ ಮಂಚದ ಮುಂದೆ ನಿಂತೆವು. ಅತ್ತೆ ಅದರಿಂದ ಚೊಂಬು ತೆಗೆದುಕೊಂಡು, ನಿನ್ನನ್ನು ಯಾರು ಕರೆದರು ಎಂಬಂತೆ ನನ್ನನ್ನು ನೋಡಿ, “ಹೋಗು” ಎಂದರು. ಇಬ್ಬರೂ ತಿರುಗಿದೆವು. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಗಂಟೆ ಕೂಗತೊಡಗಿತು. ಹಾಲು ಉಕ್ಕಿ ಆಗಿತ್ತು ಎಂದರ್ಥ. ಹಿಂದಿನಿಂದ ಅತ್ತೆ ಬೈಯಲು ಶುರುಮಾಡಿದರು. ಈ ಸಲ ಯಾರನ್ನೆಂದು ನನಗೂ ಗಾಡಿಗೂ ಸಂಶಯವಿರಲಿಲ್ಲ.